ಯಾವ ಬೋಟಿಗೆ?

ಮಲ್ಪೆಯ ಬೇರಿಂಗ್ ಅಂಗಡಿಯಲ್ಲಿ
ಹುಡುಗ ತಲೆ ಎತ್ತದೆ ಕೇಳಿದ:
"ವಾ ಬೋಟುಗು?"
ಅಲ್ಲಿಗೆ ಬರುವವರೆಲ್ಲ ಬೋಟಿನವರೇ.
ಕರ್ಚೀಫು ಬಿಚ್ಚಿ ಎರಡು ಬಳೆ ಮೇಜಿಗಿಟ್ಟೆ.
ಅರುವತ್ತೆರಡು ಸೊನ್ನೆ ನಾಲ್ಕು, ಅರುವತ್ತೆರಡು ಸೊನ್ನೆ ಐದು,
ತುಕ್ಕು ಕೆರೆದು ಕೆರೆದು ಓದಿದ ಅಂಕಿ,
ಉಗುರಿನಡಿ ಇನ್ನೂ ಕೆಂಪು.
"ಬಟ್ಟೆ ಒಗೆಯುವ ಬೋಟಿಗೆ" ಎಂದೆ.
ಆಗ ತಲೆ ಎತ್ತಿದ.

ಸದ್ದು ಶುರುವಾದದ್ದು ದೀಪಾವಳಿ ಕಳೆದ ಮೇಲೆ.
ಮೊದಲು ಬರೀ ಒಂದು ಗುಂಯ್,
ಆಮೇಲೆ ಜಲ್ಲಿ ಅರೆದ ಹಾಗೆ,
ಕೊನೆಕೊನೆಗೆ ಹಿಂಡುವ ಸುತ್ತು ಬಂತೆಂದರೆ
ಆಚೆಮನೆ ಗುಲಾಬಿಯಕ್ಕ
ಟೀವಿ ಜೋರು ಮಾಡುವಳು.
ಅತ್ತೆ, ಅರ್ಧ ಕಿವಿ ಹೋದವರು,
ಜಗಲಿಯಿಂದಲೇ ಕೂಗುವರು:
"ಬೋಟು ಬಂತಾ? ವಾಮನ ಬಂದನಾ?"
ಅವರೋ ಗೋವೆಯಾಚೆ
ಹತ್ತು ದಿನದ ನೀರಿನಲ್ಲಿ.
"ಇಲ್ಲ ಅತ್ತೆ, ಅವರ ಲುಂಗಿ ಬಂತು."

ಹೊಸತು ತಗೊಳ್ಳುವ, ಇದನ್ನು ಗುಜರಿಗೆ ಹಾಕು
ಎಂದು ಹೇಳಿಯೇ ಹೋಗಿದ್ದರು.
ಬಾಯಿಮಾತಿಗೆ ಹತ್ತೊಂಬತ್ತು ಸಾವಿರ.

ಮೇಲಿನ ಮುಚ್ಚಳ, ಆಮೇಲೆ ಕಾಂಕ್ರೀಟಿನ ಕಲ್ಲು.
ಒಂಬತ್ತು ವರ್ಷ ಬಚ್ಚಲಿನ ಬಾಗಿಲಲ್ಲಿ
ಒಂದು ಲಂಗರು ಇತ್ತು,
ಯಾರಿಗೂ ಗೊತ್ತಿರಲಿಲ್ಲ.
ಬೆಲ್ಟು, ರಾಟೆ, ಮೋಟಾರು.
ವಯರಿಗೊಂದೊಂದು ಬಣ್ಣದ ನೂಲು ಕಟ್ಟಿದವಳು ಪ್ರಾಪ್ತಿ.
ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ
ಸರದಿಯಂತೆ ಕೂರಿಸಿದವಳೂ ಅವಳೇ.
ಟಬ್ಬಿನ ಅಡಿಯಲ್ಲಿ
ಬಲೆಯ ನೀಲಿ ನೂಲು, ಎರಡು ರೂಪಾಯಿ,
ಬೆಳ್ಳಿಯಂತೆ ಹೊಳೆಯುವ ಮೀನಿನ ಹುರುಪೆ.
ಬೆನ್ನಿನಲ್ಲಿ ತುಕ್ಕು
ನಾಲಗೆಯಷ್ಟುದ್ದ ಇಳಿದಿತ್ತು.

ಪಾಪ, ಬೇರಿಂಗಿನದೇನೂ ತಪ್ಪಿಲ್ಲ.
ಅದರ ಮುಂದೆ ಕಾವಲಿದ್ದ ರಬ್ಬರು ಸೀಲು
ಕೂದಲೆಳೆಯಷ್ಟು ಬಿಟ್ಟುಕೊಟ್ಟಿತ್ತು.
ನೀರಿಗೆ ಅಷ್ಟು ಸಾಕು.
ನಮ್ಮ ಬಾವಿಯ ನೀರು ಬೇರೆ,
ಮಾರ್ಚಿ ಬಂದರೆ ಗಂಜಿಗೆ ಉಪ್ಪೇ ಬೇಡ.

ಎರಡು ಕೆಂಪುಕಲ್ಲಿನ ಮೇಲೆ ಟಬ್ಬು ಕವುಚಿ
ಉದ್ದ ಬೋಲ್ಟು ಹಿಡಿದು ಹೊಡೆದೆ,
ಗಡಿಯಾರದ ಮುಖಕ್ಕೆ ಹೊಡೆದ ಹಾಗೆ
ಹನ್ನೆರಡಕ್ಕೊಂದು ಆರಕ್ಕೊಂದು
ಮೂರಕ್ಕೆ, ಒಂಬತ್ತಕ್ಕೆ.
ಅಲುಗಲಿಲ್ಲ.
ಸಿಟ್ಟಿನಲ್ಲಿ ಹೊಡೆದದ್ದು ಹೆಬ್ಬೆರಳಿಗೆ ಬಿತ್ತು.
ಊಟ ಮಾಡಿದೆ, ಅತ್ತೆಗೆ ಮಾತ್ರೆ ಕೊಟ್ಟೆ,
ಬಂದು ಸುಮ್ಮನೆ ಒಂದು ಏಟು.
ಕಲ್ಲುಗಳ ನಡುವೆ ಟೊಪ್ಪೆಂದು ಬಿತ್ತು.
ಒಂದು ಗೋಲಿ ಪುಡಿಯಾಗಿತ್ತು, ಉಳಿದವು
ಕಾಳುಮೆಣಸಿನ ಹಾಗೆ ಕಪ್ಪು.

ಹೊಸತೆರಡನ್ನು ರಾತ್ರಿ
ಫ್ರೀಜರಿನಲ್ಲಿಟ್ಟೆ, ಬಂಗುಡೆಯ ಪೊಟ್ಟಣದ ಒತ್ತಿಗೆ.
ಚಳಿಗೆ ಉಕ್ಕು ಕುಗ್ಗುತ್ತದೆ,
ಬಿಸಿಗೆ ಹಿಗ್ಗುತ್ತದೆ:
ಹತ್ತನೇ ಕ್ಲಾಸಿನ ಒಂದು ಮಾರ್ಕು
ಇಪ್ಪತ್ತೆರಡು ವರ್ಷ ಕಾದು ಕೂತಿತ್ತು ನನಗಾಗಿ.
ಬೆಳಿಗ್ಗೆ ಟಬ್ಬಿನ ಕುಳಿಗೆ ಕುದಿನೀರಿನ ಬಟ್ಟೆ ಒತ್ತಿ
ಹೊಸದನ್ನಿಟ್ಟು
ಅದರ ಮೇಲೆ ಹಳೆಯದನ್ನಿಟ್ಟು ಬಡಿದೆ.
ಸತ್ತದ್ದಕ್ಕೂ ಒಂದು ಕೆಲಸ ಉಳಿದಿತ್ತು.
ಟಪ್, ಟಪ್, ಟಪ್,
ಮತ್ತೆ ಥಟ್ಟನೆ
ಟಣ್.
ಕೂತಿತು. ನೋಡಬೇಕಾಗಿಲ್ಲ,
ಸುತ್ತಿಗೆಯ ಹಿಡಿಗೇ ಗೊತ್ತಾಯಿತು.

ಎಲ್ಲ ಜೋಡಿಸಿದ ಮೇಲೆ
ಇಡ್ಲಿ ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿಯಿತು.
ಎಲ್ಲಿಯದೋ. ಪ್ರಾಪ್ತಿಯ ಕಂಪಾಸು ಡಬ್ಬಿಯಲ್ಲಿದೆ ಈಗ.

ಶುಕ್ರವಾರ ಅವರು ಬಂದರು.
ಡೀಸೆಲು ನಾರುವ ಒಂದು ಮೂಟೆ ಬಟ್ಟೆ.
ಹಾಕಿದೆ.
ಮುಚ್ಚಳಕ್ಕೆ ಅಂಗೈ ಒತ್ತಿ ನಿಂತರು,
ಎಂಜಿನ್ನಿಗೆ ಕೈ ಇಟ್ಟು ನಿಲ್ಲುವರಂತೆ ಹಾಗೆಯೇ,
ನಾನು ನೋಡಿಲ್ಲ.
ಏನೂ ಹೇಳಲಿಲ್ಲ. ಹೆಬ್ಬೆರಳಿನ ನೀಲಿ ನೋಡಿದರು,
ಹೋಗಿ ಊಟಕ್ಕೆ ಕೂತರು.

ಹಿಂಡುವ ಸುತ್ತು ತಿರುಗಿತು,
ತುಂಬಿದ ಕೊಡಪಾನ ನೆಲಕ್ಕಿಟ್ಟಷ್ಟೇ ಸದ್ದು.
ಅತ್ತೆ ಗೋಡೆ ಹಿಡಿದು ಒಳಗೆ ಬಂದರು,
ಉಣ್ಣುತ್ತಿದ್ದ ಮಗನ ಹೆಗಲು ಮುಟ್ಟಿ ಮುಟ್ಟಿ ನೋಡಿದರು:
"ಬೋಟಿನ ಸದ್ದೇ ಕೇಳಲಿಲ್ಲವಲ್ಲ ಮಗಾ,
ಯಾವಾಗ ಬಂದೆ?"